ವೃದ್ಧಿಚಿಹ್ನೆಯ ಮೂಲ

ಗಣಕಭಾಷೆಗಳಲ್ಲಿ ರಾಶಿಗೆ ಒಂದನ್ನು ಕೂಡಿಸುವ ‘++’ ಚಿಹ್ನೆಯು ಪಿಡಿಪಿ-11 ಯಂತ್ರದ ರಚನೆಯನ್ನು ಅನುಸರಿಸಿ ಹುಟ್ಟಿತೆಂದು ಹಲವರು ಊಹಿಸುವುದುಂಟು. ಈ ಊಹೆಯು ಕಾಲಕ್ರಮಕ್ಕೆ ವಿರುದ್ಧವಾದುದು. ಬೆಲ್ ಪ್ರಯೋಗಶಾಲೆಯ ಕೆನ್ ಥಾಂಪ್ಸನ್ನರು ಬಿ ಭಾಷೆಯನ್ನು ರಚಿಸಿದಾಗ ಆ ಯಂತ್ರವೇ ಇರಲಿಲ್ಲವೆಂದು ಅವರ ಸಹೋದ್ಯೋಗಿಗಳಾದ ಡೆನಿಸ್ ರಿಚಿಯವರು 1993ರಲ್ಲಿ ಸ್ಪಷ್ಟಪಡಿಸಿದ್ದಾರೆ. ಮೊದಲಿನ ಪಿಡಿಪಿ-7 ಯಂತ್ರದಲ್ಲಿ ತಾವಾಗಿಯೇ ವೃದ್ಧಿ ಹೊಂದುವ ಕೆಲವು ಸ್ಮೃತಿಕೋಶಗಳಿದ್ದುವು, ಅವು ಸೂಚನೆಯನ್ನಿತ್ತಿರಬಹುದು. ಚಿಹ್ನೆಯನ್ನು ರಾಶಿಯ ಮುಂದಾಗಲಿ ಹಿಂದಾಗಲಿ ಇಡಬಹುದೆಂಬ ವ್ಯಾಪಕ ನಿಯಮವಾದರೋ ಥಾಂಪ್ಸನ್ನರದೇ.

ತೊಡಕಿಗೂ ಈ ನಿಯಮವೇ ಮೂಲ. ಚಿಹ್ನೆಯು ಮೊದಲು ಬಂದರೆ ಹೆಚ್ಚಿದ ಬೆಲೆಯೂ, ಬಳಿಕ ಬಂದರೆ ಹಳೆಯ ಬೆಲೆಯೂ ದೊರೆಯುತ್ತದೆ. ಹೀಗೆ ಕ್ರಿಯೆ, ಬೆಲೆಗಳೆರಡೂ ಒಂದೇ ಸಂಕೇತದಲ್ಲಿ ಅಡಕವಾಗಿವೆ. ‘ಕ = ಕ++’ ಎಂಬ ವಾಕ್ಯಕ್ಕೆ ಸಿ ಭಾಷೆಯ 1989ರ ಮಾನಕವು ಅರ್ಥವನ್ನೇ ವಿಧಿಸಲಿಲ್ಲ; ಜಾವಾ ಭಾಷೆಯಲ್ಲಿ ‘ಕ’ದ ಬೆಲೆಯು ಬದಲಾಗದೆ ಉಳಿಯುತ್ತದೆ. 2016ರಲ್ಲಿ ಸ್ವಿಫ್ಟ್ ಭಾಷೆಯು ಈ ಚಿಹ್ನೆಯನ್ನೇ ತ್ಯಜಿಸಿತು.