ಬಾಂಧವ್ಯ ಸಿದ್ಧಾಂತ

ಶೈಶವದಲ್ಲಿ ಮಗು ತನ್ನನ್ನು ಸಾಕುವವರೊಡನೆ ಬೆಳೆಸಿಕೊಳ್ಳುವ ನಂಟು ಮುಂದಿನ ಸಂಬಂಧಗಳ ಮೇಲೆ ಪ್ರಭಾವ ಬೀರುತ್ತದೆಂದು ಹೇಳುವ ಮನೋವಿಜ್ಞಾನದ ಸಿದ್ಧಾಂತ. ರೂಪಿಸಿದವರು ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿ (1907–1990). ಮಗು ತಾಯಿಗೆ ಅಂಟಿಕೊಳ್ಳುವುದು ಹಾಲಿನಾಸೆಗೆ ಎಂಬ ಆಗಿನ ನಂಬಿಕೆಯನ್ನು ಅವರು ಒಪ್ಪಲಿಲ್ಲ; ಅಪಾಯದಲ್ಲಿ ಆಸರೆ ಹುಡುಕುವುದೇ ಅದರ ಮೂಲ ಎಂದರು.

ಇದಕ್ಕೆ ಪ್ರಯೋಗದ ಬಲ ಕೊಟ್ಟವರು ಮೇರಿ ಐನ್ಸ್‌ವರ್ತ್. ಉಗಾಂಡದ ಹಳ್ಳಿಗಳಲ್ಲಿ ತಾಯಿ-ಮಕ್ಕಳನ್ನು ಗಮನಿಸಿದ್ದ ಅವರು, ಮುಂದೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ‘ಅಪರಿಚಿತ ಸನ್ನಿವೇಶ’ ಎಂಬ ಪರೀಕ್ಷೆ ರೂಪಿಸಿದರು. ವರ್ಷದ ಕೂಸು ಹೊಸ ಕೋಣೆಯಲ್ಲಿ ಆಡುತ್ತಿರುತ್ತದೆ. ತಾಯಿ ಎದ್ದು ಹೋಗಿ ಸುಮಾರು 3 ನಿಮಿಷದಲ್ಲಿ ಮರಳುತ್ತಾಳೆ. ಮಗು ಎಷ್ಟು ಅತ್ತಿತೆಂಬುದಕ್ಕಿಂತ, ಆಕೆ ಬಂದಾಗ ಏನು ಮಾಡಿತೆಂಬುದು ಮುಖ್ಯ. ಸುರಕ್ಷಿತ ಬಾಂಧವ್ಯದ ಮಗು ತೋಳಿಗೇರಿ, ಸಮಾಧಾನಗೊಂಡು ಆಟಿಕೆಗೆ ಮರಳುತ್ತದೆ. ಆತಂಕದ ಮಗು ಎತ್ತಿಕೊಂಡರೆ ಒದೆಯುತ್ತದೆ, ಇಳಿಸಿದರೆ ಅಳುತ್ತದೆ. ಮೂರನೆಯ ಬಗೆಯ ಮಗು ತಾಯಿಯತ್ತ ನೋಡುವುದೇ ಇಲ್ಲ. ಆದರೆ ಅದರ ಎದೆಬಡಿತ ಏರಿರುವುದನ್ನು ನಂತರದ ಅಧ್ಯಯನಗಳು ತೋರಿಸಿವೆ. ಅಳುವುದೇ ಇಲ್ಲ, ಜಾಣಮರಿ ಎಂದು ಅದನ್ನು ಹೊಗಳುವುದು ಸರಿಯಲ್ಲ.

1987ರಲ್ಲಿ ಸಿಂಡಿ ಹಜಾನ್ ಮತ್ತು ಫಿಲಿಪ್ ಶೇವರ್ ಇದೇ ಮೂರು ಬಗೆಗಳನ್ನು ವಯಸ್ಕರ ಪ್ರೇಮದಲ್ಲಿಯೂ ಗುರುತಿಸಿದರು. ಸಂಗಾತಿಯ ಫೋನ್ ತಡವಾದರೆ ಕಂಗಾಲಾಗುವವರಿದ್ದಾರೆ, ಸಲಿಗೆ ಹೆಚ್ಚಿದೊಡನೆ ಹಿಂದೆ ಸರಿಯುವವರೂ ಇದ್ದಾರೆ. ಆದರೂ ಇದು ಹಣೆಬರಹವಲ್ಲ: ದೀರ್ಘಕಾಲದ ಅಧ್ಯಯನಗಳಲ್ಲಿ ಶೈಶವಕ್ಕೂ ವಯಸ್ಕ ಸಂಬಂಧಕ್ಕೂ ಕಂಡ ನಂಟು ಗಾಢವಾದದ್ದಲ್ಲ; ನೆಚ್ಚಬಹುದಾದ ಸಂಗಾತಿ ಸಿಕ್ಕರೆ ಬಗೆ ಬದಲಾಗಬಲ್ಲದು. ತಾಯಿಯೊಬ್ಬಳ ಮೇಲೇ ಹೊಣೆ ಹೊರಿಸಿದ್ದು ಬೌಲ್ಬಿಯವರ ಆರಂಭದ ಬರಹಗಳ ದೊಡ್ಡ ಕೊರತೆ. ಅಜ್ಜಿ, ಅಕ್ಕ, ಚಿಕ್ಕಮ್ಮಂದಿರ ಸೊಂಟದ ಮೇಲೆ ಬೆಳೆಯುವ ಮಗುವಿಗೆ ಆಸರೆಗಳು ಹಲವು.