ನಿತ್ಯಕ್ಷೌರ ಅಗತ್ಯವೇ?

ಬೇಗಂ ಬಜಾರಿನಲ್ಲಿ ಫಿಟ್ಕರಿಯೆಂದು ಕೇಳಿ ನಾವು ಕೊಳ್ಳುವ ಪಟಿಕವು ಸಣ್ಣ ಗಾಯದ ರಕ್ತವನ್ನು ನಿಲ್ಲಿಸೀತು. ಉರಿಯ ಮೂಲವನ್ನು ನೀಗದು. ಗಡ್ಡವು ದಿನಕ್ಕೆ ಸುಮಾರು 0.3ರಿಂದ 0.4 ಮಿ.ಮೀ. ಬೆಳೆಯುತ್ತದೆ. ಬ್ಲೇಡು ಪ್ರತಿ ಸಲವೂ ಕೂದಲಿನೊಡನೆ ಚರ್ಮದ ಮೇಲ್ಪದರವನ್ನೂ ಕೆರೆಯುವುದರಿಂದ, ಸೂಕ್ಷ್ಮ ಚರ್ಮದವರು ದಿನ ಬಿಟ್ಟು ದಿನ ಕ್ಷೌರ ಮಾಡಿಕೊಳ್ಳುವುದು ಲೇಸು. ಉರಿಯಿಲ್ಲದವರಿಗೆ ನಿತ್ಯಕ್ಷೌರ ನಿಷಿದ್ಧವೇನಲ್ಲ. ಗುಂಗುರು ಗಡ್ಡದವರು ಮಾತ್ರ ಎಚ್ಚರ ವಹಿಸಬೇಕು: ತೀರಾ ನುಣ್ಣಗೆ ಬೋಳಿಸಿದರೆ ಕೂದಲು ಚರ್ಮದೊಳಕ್ಕೇ ಬಾಗಿ ಬೆಳೆಯುತ್ತದೆ, ಗುಳ್ಳೆಯೆದ್ದು ಕಪ್ಪು ಕಲೆ ಉಳಿಯುತ್ತದೆ. ಗಡ್ಡವನ್ನು ಬೆಚ್ಚನೆಯ ನೀರಿನಲ್ಲಿ ನೆನೆಸಿ, ನೊರೆ ಹಚ್ಚಿ, ಕೂದಲು ಬೆಳೆದ ದಿಕ್ಕಿನಲ್ಲೇ ಹಗುರವಾಗಿ ಎಳೆಯಬೇಕು. 5-7 ಬಾರಿಗೊಮ್ಮೆ ಬ್ಲೇಡನ್ನು ಬದಲಿಸಬೇಕು. ಅಂದಹಾಗೆ, ಕ್ಷೌರದಂಗಡಿಯಲ್ಲಿ ಹತ್ತು ಮುಖಗಳಿಗೆ ತಿಕ್ಕಿದ ಪಟಿಕವನ್ನು ನಾವಂತೂ ಒಲ್ಲೆವು. ಹೆಪಟೈಟಿಸ್ ಬಿ ರಕ್ತದ ಮೂಲಕ ಹರಡುವ ರೋಗ. ಪಟಿಕವು ಅದರ ವೈರಾಣುವನ್ನು ಕೊಲ್ಲುವುದೆಂದು ನೆಚ್ಚಲಾಗದು.