ನಿರಾಶ್ರಿತ ಬಾಲಕರ ಹೃದಯಶಿಕ್ಷಣ

ವಿದ್ಯೆಯು ಬುದ್ಧಿಯನ್ನು ಬೆಳಗುವಂತೆ ಹೃದಯವನ್ನೂ ತಿದ್ದಬೇಕೆಂಬುದು ಹಿರಿಯರ ಮತವು. ತನ್ನ ದುಃಖವನ್ನು ಗುರುತಿಸುವದು, ಕೋಪವನ್ನು ತಡೆಯುವದು, ಪರರ ನೋವನ್ನು ಅರಿಯುವದು ಇವೂ ಶಾಲೆಯ ಪಾಠಗಳಾಗಬೇಕೆಂದು ಈಚಿನ ಶಿಕ್ಷಣಶಾಸ್ತ್ರಜ್ಞರು ಹೇಳುತ್ತಿರುವರು. ಆದರೆ ನೆಲೆಯನ್ನೇ ಕಳೆದುಕೊಂಡ ಮಕ್ಕಳಿಗೆ ಈ ಪಾಠವನ್ನು ಯಾವ ನುಡಿಯಲ್ಲಿ, ಯಾವ ನಡೆಯಲ್ಲಿ ಕಲಿಸಬೇಕು? ಟಿಬೆಟ್ಟಿನ ನಿರಾಶ್ರಿತರು ಭರತಖಂಡದಲ್ಲಿ ಕಟ್ಟಿಕೊಂಡ ಶಾಲೆಗಳ ಇತಿಹಾಸವು ಈ ಪ್ರಶ್ನೆಗೆ ತಕ್ಕ ಉತ್ತರವನ್ನು ಕೊಡುವದು.

1959ನೆಯ ಮಾರ್ಚ್ 10ರಂದು ಲ್ಹಾಸಾ ನಗರದಲ್ಲಿ ಜನರು ಚೀನದ ಆಳಿಕೆಯ ವಿರುದ್ಧ ದಂಗೆಯೆದ್ದರು. 17ರ ರಾತ್ರಿ ದಲೈ ಲಾಮಾ ಅವರು ಅರಮನೆಯನ್ನು ಬಿಟ್ಟು, 31ರಂದು ಹಿಂದೂಸ್ಥಾನವನ್ನು ಸೇರಿದರು. ಅವರ ಹಿಂದೆ ಸುಮಾರು 80,000 ಜನರು ಹಿಮಾಲಯವನ್ನು ದಾಟಿ ಬಂದರು. ಹೊಟ್ಟೆಯ ಪಾಡಿಗಾಗಿ ಅನೇಕರು ಪರ್ವತಪ್ರದೇಶದಲ್ಲಿ ರಸ್ತೆ ಕಡಿಯುವ ಕೂಲಿಗೆ ನಿಂತರು. ತಾಯಿತಂದೆಗಳು ಕಲ್ಲು ಒಡೆಯುತ್ತಿರಲು ಕೂಸುಗಳು ಬದಿಯ ಗುಡಾರಗಳಲ್ಲಿ ಹಸಿವು, ಜ್ವರ, ಧೂಳುಗಳ ನಡುವೆ ದಿನಗಳೆಯುತ್ತಿದ್ದವು. 1960ನೆಯ ಮೇ 17ರಂದು ಜಮ್ಮು ಪ್ರಾಂತದ ಇಂಥ ಬಿಡಾರಗಳಿಂದ ರೋಗಪೀಡಿತರಾದ 51 ಮಕ್ಕಳು ಧರ್ಮಶಾಲಾ ಪಟ್ಟಣಕ್ಕೆ ಬಂದರು.

ದಲೈ ಲಾಮಾ ಅವರ ಅಕ್ಕನವರಾದ ತ್ಸೆರಿಂಗ್ ದೋಲ್ಮಾ ಅವರು ಈ ಮಕ್ಕಳ ಭಾರವನ್ನು ಹೊತ್ತರು. 1964ರಲ್ಲಿ ಅವರು ಕಾಲವಾದ ತರುವಾಯ ತಂಗಿಯವರಾದ ಜೆತ್ಸುನ್ ಪೆಮಾ ಅವರು ಆ ಕಾರ್ಯವನ್ನು 2006ರ ವರೆಗೆ ನಡೆಯಿಸಿದರು. ಮಕ್ಕಳನ್ನು ದೊಡ್ಡ ಕೊಟಡಿಗಳಲ್ಲಿ ಒಟ್ಟುಗೂಡಿಸಿ ಇಡುವದನ್ನು ಬಿಟ್ಟು, ಚಿಕ್ಕ ಚಿಕ್ಕ ಮನೆಗಳನ್ನು ಕಟ್ಟಿ, ಒಂದೊಂದು ಮನೆಗೆ ಒಬ್ಬ ಸಾಕುತಾಯಿಯನ್ನು ನೇಮಿಸಿದ್ದು ಈ ‘ಮಕ್ಕಳ ಗ್ರಾಮ’ದ ವಿಶೇಷವು. ಮಕ್ಕಳು ಆಕೆಯನ್ನು ‘ಅಮಾಲಾ’ ಎಂದು ಕರೆಯುವರು. ಹಿರಿಯ ಮಕ್ಕಳು ಕಿರಿಯರನ್ನು ನೋಡಿಕೊಳ್ಳುವರು. ಮನೆಗೆಲಸವನ್ನು ಎಲ್ಲರೂ ಹಂಚಿಕೊಳ್ಳುವರು. ತನಗಿಂತ ಮೊದಲು ಪರರು ಎಂಬುದೇ ಶಾಲೆಯ ಧ್ಯೇಯವಾಕ್ಯವು. ಕರುಣೆಗೆ ಅವರ ನುಡಿಯಲ್ಲಿ ‘ನ್ಯಿಂಗ್‌ಜೆ’ ಎಂಬ ಹೆಸರುಂಟು. ಅದರ ಮೊದಲ ಪದಕ್ಕೆ ಹೃದಯವೆಂದೇ ಅರ್ಥವು. ಈ ಮಾತನ್ನು ಮಕ್ಕಳು ಪುಸ್ತಕದಿಂದ ಕಲಿಯುವದಕ್ಕೆ ಮೊದಲು ಅಡಿಗೆಮನೆಯಲ್ಲಿ ಕಲಿತರು.

ಈ ಇತಿಹಾಸದಲ್ಲಿ ಕನ್ನಡ ನಾಡಿಗೂ ಪಾಲುಂಟು. ಅಂದಿನ ಮೈಸೂರು ಸರಕಾರವು ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿಯನ್ನು ಕೊಟ್ಟಿತು. ಮುಂದೆ 1966ರಲ್ಲಿ ಮುಂಡಗೋಡಿನಲ್ಲಿಯೂ ನೆಲೆ ಸಿಕ್ಕಿತು. ಶ್ರೀ ಎಸ್. ನಿಜಲಿಂಗಪ್ಪನವರ ಔದಾರ್ಯವನ್ನು ದಲೈ ಲಾಮಾ ಅವರು ಅನೇಕ ಸಲ ಕೃತಜ್ಞತೆಯಿಂದ ನೆನೆದಿರುವರು.

ಆದರೆ ಒಂದು ಕೊರತೆಯು ಉಳಿದಿತ್ತು. ಪಂಡಿತ ನೆಹರೂರವರ ಬೆಂಬಲದಿಂದ ಕೇಂದ್ರ ಸರಕಾರವು 1961ರಲ್ಲಿ ಟಿಬೆಟ್ಟಿನವರ ಶಾಲೆಗಳಿಗಾಗಿ ಪ್ರತ್ಯೇಕ ಆಡಳಿತವನ್ನೇರ್ಪಡಿಸಿತು. ಜಗತ್ತಿನೊಡನೆ ವ್ಯವಹರಿಸಲು ಇಂಗ್ಲೀಷು ಬೇಕೆಂದು ಪಾಠಗಳು ಹೆಚ್ಚಾಗಿ ಆ ಭಾಷೆಯಲ್ಲಿಯೇ ನಡೆದವು. ಇದರಿಂದ ಲಾಭವೂ ಆಯಿತು, ನಷ್ಟವೂ ಆಯಿತು. ಮನೆಯಲ್ಲಿ ಒಂದು ನುಡಿ, ಪಾಠದಲ್ಲಿ ಇನ್ನೊಂದು ನುಡಿಯಾದರೆ ಮಗುವು ತನ್ನ ಅಳಲಿಗೆ ಹೆಸರಿಡುವದಾದರೂ ಹೇಗೆ? ಇದನ್ನರಿತು ಮಕ್ಕಳ ಗ್ರಾಮದವರು 1985ರಿಂದ ಕೆಳಗಿನ ತರಗತಿಗಳಲ್ಲಿ ಟಿಬೆಟ್ ನುಡಿಯನ್ನೇ ಬೋಧನೆಯ ಮಾಧ್ಯಮವನ್ನಾಗಿ ಮಾಡಿದರು.

ಈ ಅನುಭವದ ಹಿನ್ನೆಲೆಯುಳ್ಳ ದಲೈ ಲಾಮಾ ಅವರ ಪ್ರೇರಣೆಯಿಂದ ಅಮೇರಿಕೆಯ ಎಮೊರಿ ವಿಶ್ವವಿದ್ಯಾಲಯವು ‘ಸೀ ಲರ್ನಿಂಗ್’ ಎಂಬ ಪಾಠಕ್ರಮವನ್ನು ರಚಿಸಿ, 2019ನೆಯ ಎಪ್ರಿಲ್‌ನಲ್ಲಿ ಹೊಸ ದಿಲ್ಲಿಯಲ್ಲಿ ಲೋಕಕ್ಕೆ ಅರ್ಪಿಸಿತು. ಅರಿವು, ಕರುಣೆ, ಕಾರ್ಯಪ್ರವೃತ್ತಿ ಎಂಬ ಮೂರು ಅಂಗಗಳನ್ನು ವ್ಯಕ್ತಿ, ಸಮಾಜ, ಸಮಗ್ರ ವ್ಯವಸ್ಥೆ ಎಂಬ ಮೂರು ಕ್ಷೇತ್ರಗಳಲ್ಲಿ ಬೆಳೆಸುವದೇ ಅದರ ರೀತಿಯು. ಯಾವ ಒಂದು ಮತದ ಹೆಸರನ್ನೂ ಅದು ಹಿಡಿಯುವದಿಲ್ಲ. ಆಘಾತಕ್ಕೀಡಾದ ಮಕ್ಕಳ ವಿಷಯದಲ್ಲಿ ವಿಶೇಷ ಎಚ್ಚರವನ್ನು ಬೋಧಿಸುವದು.

2008ರ ತರುವಾಯ ಟಿಬೆಟ್ಟಿನಿಂದ ಬರುವವರು ಬಹಳ ವಿರಳರಾದರು. ಇಂದಿನ ಹೆಚ್ಚಿನ ಮಕ್ಕಳು ಭಾರತದಲ್ಲಿಯೇ ಹುಟ್ಟಿ, ತಮ್ಮ ನಾಡನ್ನು ಕಣ್ಣಾರೆ ಕಾಣದವರು. ಹಿಮದ ದಾರಿಯಲ್ಲಿ ತಾಯಿಯನ್ನಗಲಿದ ಕೂಸಿನ ಗಾಯವೇ ಬೇರೆ, ಇವರ ನೋವೇ ಬೇರೆ. ಆದುದರಿಂದ ಹೃದಯಶಿಕ್ಷಣವು ಒಮ್ಮೆ ಬರೆದಿಟ್ಟರೆ ತೀರುವ ಗ್ರಂಥವಲ್ಲ; ತಲೆಮಾರಿಗೊಮ್ಮೆ ಹೊಸತಾಗಿ ಕಟ್ಟಬೇಕಾದ ಮನೆಯು. ಅದರ ತೊಲೆಗಳು ದೂರದಿಂದ ಬರಬಹುದು. ಅಡಿಗಲ್ಲು ಮಾತ್ರ ಮಗುವಿನ ನುಡಿಯೂ ಅದನ್ನು ಸಾಕುವವರ ನಡೆಯೂ ಆಗಿರಬೇಕು.